ವಿಮರ್ಶಸಂಧಿಯಿಲ್ಲದ ನಾಟಕ

ರೂಪಕಕ್ಕೆ ಐದು ಸಂಧಿಗಳುಂಟೆಂಬುದು ಅಲಂಕಾರಶಾಸ್ತ್ರದ ಪರಿಚಯವುಳ್ಳ ವಾಚಕರಿಗೆ ವಿದಿತವೇ ಆಗಿದೆ. ಮುಖಸಂಧಿಯಲ್ಲಿ ಬೀಜವನ್ನು ಬಿತ್ತುವುದು. ಪ್ರತಿಮುಖದಲ್ಲಿ ಅದು ಕಂಡೂ ಕಾಣದಂತೆ ಮೊಳೆಯುವುದು. ಗರ್ಭದಲ್ಲಿ ಬೆಳೆದು ಆಸೆಗೂ ಆತಂಕಕ್ಕೂ ಎಡೆಗೊಡುವುದು. ವಿಮರ್ಶದಲ್ಲಿ ವಿಘ್ನವೊದಗಿ, ಪಾತ್ರಗಳು ನಿಂತು ಹಿಂದುಮುಂದನ್ನು ಪರ್ಯಾಲೋಚಿಸುವುದು. ನಿರ್ವಹಣದಲ್ಲಿ ಚೆದರಿದ ಅರ್ಥಗಳೆಲ್ಲವೂ ಒಂದೇ ಫಲದಲ್ಲಿ ಕೂಡಿಕೊಳ್ಳುವುದು. ಈ ಕ್ರಮವನ್ನು ಶಾಸ್ತ್ರಕಾರರು ಕವಿಗಳಿಗಾಗಿ ವಿಧಿಸಿದರು. ಆದರೆ ಕವಿಯೊಬ್ಬನ ಹೆಸರಿಲ್ಲದೆ ಹುಟ್ಟಿ, ಬಾಯಿಂದ ಬಾಯಿಗೆ ಬೆಳೆಯುತ್ತ ಹೋಗುವ ಕಥೆಗಳಿಗೂ ಅದು ಒರೆಗಲ್ಲಾಗಬಲ್ಲುದು. ಕಿಂವದಂತಿಯೂ ಒಂದು ಬಗೆಯ ಪ್ರಬಂಧವೇ. ಅದಕ್ಕೂ ಬೀಜವುಂಟು, ನಾಯಕ ಪ್ರತಿನಾಯಕರುಂಟು, ರಸವುಂಟು. 2015ನೆಯ ಇಸವಿಯಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಟೆಕ್ಸಸ್ ರಾಜ್ಯದಲ್ಲಿ ಹಬ್ಬಿದ ‘ಜೇಡ್ ಹೆಲ್ಮ್’ ವೃತ್ತಾಂತವು ಈ ಜಾತಿಯ ಪ್ರಬಂಧಗಳಲ್ಲಿ ಪ್ರಸಿದ್ಧವಾದುದು. ಅದನ್ನು ನಂಬಿ ನಡುಗಿದವರುಂಟು; ಕೇಳಿ ನಕ್ಕವರು ಇನ್ನೂ ಹೆಚ್ಚು ಮಂದಿ. ಅದನ್ನು ಒಂದು ಕೃತಿಯೆಂದು ಓದಿ ಗುಣದೋಷಗಳನ್ನು ತೂಗಿದವರು ವಿರಳ. ನಂಬಿದವರೂ ನಕ್ಕವರೂ ಕಾಣದ ಒಂದು ವಿಷಯ ಅಂಥ ಓದಿನಿಂದ ಕಾಣುವುದಾದರೆ ಆ ಶ್ರಮ ವ್ಯರ್ಥವಲ್ಲ.

ಮೊದಲು ನಡೆದ ಸಂಗತಿಯನ್ನು ಹೇಳಿ, ಬಳಿಕ ಕಟ್ಟಿದ ಕಥೆಯನ್ನು ಹೇಳುವುದು ಯುಕ್ತ. ಆ ದೇಶದ ಸೇನೆಯಲ್ಲಿ ವಿಶೇಷ ಕಾರ್ಯಾಚರಣೆಗೆಂದೇ ಶಿಕ್ಷಣ ಪಡೆದ ದಳಗಳುಂಟು. ಶತ್ರುದೇಶದೊಳಗೆ ಸಣ್ಣ ಗುಂಪುಗಳಾಗಿ ನುಸುಳಿ, ಅಲ್ಲಿಯ ಜನರ ನಡುವೆ ಗುರುತು ಸಿಕ್ಕದಂತೆ ಸಂಚರಿಸುವುದು ಆ ದಳಗಳ ಕೆಲಸ. ಠಾಣೆಯೊಳಗಿನ ಕವಾಯತಿನ ಬಯಲಿನಲ್ಲಿ ಈ ವಿದ್ಯೆ ಕೈಗೂಡುವುದಿಲ್ಲ; ಅದಕ್ಕೆ ವಿಸ್ತಾರವಾದ, ಅಪರಿಚಿತವಾದ ನಾಡು ಬೇಕು. ಆದಕಾರಣ 2015ನೆಯ ಜುಲೈ 15ರಿಂದ ಸೆಪ್ಟೆಂಬರ್ 15ರ ವರೆಗೆ, ಟೆಕ್ಸಸ್ ಮೊದಲಾದ ಹಲವು ರಾಜ್ಯಗಳಲ್ಲಿ, ಸುಮಾರು 1,200 ಮಂದಿ ಸೈನಿಕರು ಭಾಗವಹಿಸತಕ್ಕ ಒಂದು ತಾಲೀಮನ್ನು ಗೊತ್ತುಮಾಡಿ, ಅದಕ್ಕೆ ‘ಜೇಡ್ ಹೆಲ್ಮ್ 15’ ಎಂದು ಹೆಸರಿಟ್ಟರು. ಆ ವರ್ಷದ ವಸಂತದಲ್ಲಿ ಸೇನೆಯವರು ಊರೂರಿನ ಅಧಿಕಾರಿಗಳಿಗೆ ಚಿತ್ರಪಟಗಳೊಡನೆ ವಿವರಣೆಯನ್ನು ಕೊಟ್ಟು ಅವರ ಸಮ್ಮತಿಯನ್ನು ಕೇಳಿದರು. ಭಾಗವಹಿಸುವವರಲ್ಲಿ ಕೆಲವರು ಸಾಮಾನ್ಯ ಜನರ ಉಡುಪಿನಲ್ಲಿ, ಸಾಮಾನ್ಯ ವಾಹನಗಳಲ್ಲಿ ತಿರುಗುವರೆಂಬುದನ್ನೂ ಅದರಲ್ಲಿಯೇ ತಿಳಿಸಿದ್ದರು. ಆ ಕಾಗದಗಳು ಗೋಪ್ಯವಾದವುಗಳಲ್ಲ. ಗೋಪ್ಯವಲ್ಲದ ಆ ಕಾಗದಗಳು ಅಂತರಜಾಲದಲ್ಲಿ ಪ್ರಕಟವಾದುವು. ಕಥೆಗೆ ಅಲ್ಲಿಂದಲೇ ನಾಂದಿ.

ಮುಖಸಂಧಿಯ ಬೀಜ ಒಂದು ಭೂಪಟ. ತಾಲೀಮಿನ ಅನುಕೂಲಕ್ಕಾಗಿ ರಾಜ್ಯಗಳಿಗೆ ಬಣ್ಣ ಹಚ್ಚಿ, ಕೆಲವನ್ನು ಅನುಕೂಲ ಪ್ರದೇಶವೆಂದೂ, ಕೆಲವನ್ನು ಅನಿಶ್ಚಿತವೆಂದೂ, ಟೆಕ್ಸಸ್ ಯೂಟಾಗಳನ್ನು ಕೆಂಪು ಬಣ್ಣದಲ್ಲಿ ಶತ್ರುಪ್ರದೇಶವೆಂದೂ ಅದರಲ್ಲಿ ಗುರುತಿಸಿದ್ದರು. ಯುದ್ಧದ ಆಟವಾಡುವವರು ನೆಲದ ಒಂದು ಭಾಗವನ್ನು ಹಗೆಯ ನೆಲವೆಂದು ಕಲ್ಪಿಸಿಕೊಳ್ಳದೆ ಆಟವೇ ನಡೆಯದು. ಬಯಲಾಟದಲ್ಲಿ ರಾವಣನ ವೇಷ ಹಾಕಿದವನನ್ನು ಬೆಳಗಾದ ಮೇಲೆ ಊರವರು ರಾಕ್ಷಸನೆಂದು ಹಿಡಿದು ಕಟ್ಟುವುದಿಲ್ಲ. ವೇಷವನ್ನು ವೇಷವೆಂದು ಬಲ್ಲರು. ಆದರೆ ಬಯಲಾಟವನ್ನು ನೋಡುವವನಿಗೆ ರಂಗಸ್ಥಳ ಕಾಣುತ್ತದೆ, ಭಾಗವತನ ಧ್ವನಿ ಕೇಳುತ್ತದೆ. ರಂಗವನ್ನು ಕಾಣದೆ ವೇಷದ ಪಟ್ಟಿಯನ್ನು ಮಾತ್ರ ಕಂಡವನ ಪಾಡು ಬೇರೆ. ತನ್ನ ಮನೆಯಿರುವ ನಾಡಿನ ಮೇಲೆ ಕೆಂಪು ಬಣ್ಣವನ್ನೂ ‘ಶತ್ರು’ವೆಂಬ ಅಕ್ಷರಗಳನ್ನೂ ಕಂಡ ಗೃಹಸ್ಥನು ಬೆಚ್ಚಿದನೆಂದರೆ ಅವನನ್ನು ಮೂಢನೆಂದು ಹಳಿಯುವುದು ಸುಲಭವಾಗಿರಬಹುದು, ನ್ಯಾಯವಲ್ಲ.

ಭೂಪಟದ ಜೊತೆಗೆ ಹೆಸರೂ ಬೀಜಕ್ಕೆ ನೀರೆರೆಯಿತು. ‘ಹೆಲ್ಮ್’ ಎಂದರೆ ಹಡಗಿನ ಚುಕ್ಕಾಣಿ. ಅದರ ನಾಲ್ಕು ಅಕ್ಷರಗಳನ್ನು ಬಿಡಿಸಿ, ‘ಸ್ವದೇಶದ ಸ್ಥಳೀಯ ಹೋರಾಟಗಾರರ ನಿರ್ಮೂಲನ’ ಎಂಬರ್ಥ ಬರುವಂತೆ ಕೆಲವರು ಹೊಸ ನಿರುಕ್ತವನ್ನು ರಚಿಸಿದರು. ‘ಮಾನವಕ್ಷೇತ್ರವನ್ನು ವಶಮಾಡಿಕೊಳ್ಳಿ’ ಎಂದು ಅರ್ಥವಾಗುವ ಧ್ಯೇಯವಾಕ್ಯವೊಂದು ಆ ತಾಲೀಮಿನ ಲಾಂಛನದಲ್ಲಿಯೇ ಇತ್ತು. ಜನರ ಭಾಷೆ, ಸಂಪ್ರದಾಯ, ಮನೋಧರ್ಮಗಳನ್ನು ಅರಿಯುವುದೂ ಯುದ್ಧವಿದ್ಯೆಯ ಅಂಗವೆಂಬುದು ಸೈನ್ಯದ ಪರಿಭಾಷೆಯಲ್ಲಿ ಅದರ ತಾತ್ಪರ್ಯ. ಪರಿಭಾಷೆಯನ್ನರಿಯದ ಕಿವಿಗೆ ‘ಜನರನ್ನು ಆಳಾಗಿ ಮಾಡಿಕೊಳ್ಳಿ’ ಎಂದೇ ಕೇಳಿಸಿತು. ಇಲ್ಲಿ ತಪ್ಪು ಕೇಳಿದವರದು ಮಾತ್ರವಲ್ಲ. ತನ್ನ ಮಾತನ್ನು ಯಾರು ಯಾರು ಕೇಳುವರೆಂಬುದನ್ನು ಯೋಚಿಸದೆ ಶಬ್ದವನ್ನು ಆರಿಸಿದವನೂ ಔಚಿತ್ಯಭಂಗಕ್ಕೆ ಹೊಣೆ. ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವವೆಂದನು. ರಾಜಶಾಸನದ ಜೀವವೂ ಅದೇ ಎಂದರೆ ಅತಿಶಯೋಕ್ತಿಯಾಗದು.

ಪ್ರತಿಮುಖಕ್ಕೆ ಸಾಮಗ್ರಿಯು ಆಕಸ್ಮಿಕವಾಗಿ ಒದಗಿತು. ಅದೇ ವರ್ಷ ಏಪ್ರಿಲ್ 13ರಂದು ವಾಲ್‌ಮಾರ್ಟ್ ಎಂಬ ದೊಡ್ಡ ವ್ಯಾಪಾರ ಸಂಸ್ಥೆಯು ತನ್ನ ಐದು ಮಳಿಗೆಗಳನ್ನು ಥಟ್ಟನೆ ಮುಚ್ಚಿತು. ಅವುಗಳಲ್ಲಿ ಎರಡು ಟೆಕ್ಸಸಿನ ಲಿವಿಂಗ್‌ಸ್ಟನ್, ಮಿಡ್‌ಲ್ಯಾಂಡ್ ಊರುಗಳಲ್ಲಿದ್ದುವು. ನೀರಿನ ಕೊಳವೆಗಳು ಕೆಟ್ಟಿರುವುದೇ ಕಾರಣವೆಂದು ಸಂಸ್ಥೆಯವರು ಸಾರಿದರು. ಒಂದೇ ದಿನ, ಐದು ಊರುಗಳಲ್ಲಿ, ಕೊಳವೆಯೊಂದೇ ಕಾರಣ! ಕಥೆ ಕಟ್ಟುವವರು ಈ ಅವಕಾಶವನ್ನು ಬಿಡಲಿಲ್ಲ. ಆ ಮಳಿಗೆಗಳ ಕೆಳಗೆ ಸುರಂಗಗಳನ್ನು ತೋಡುತ್ತಿರುವರು, ಅವುಗಳ ಮೂಲಕ ಸೈನ್ಯ ಬರುವುದು, ಮಳಿಗೆಗಳೇ ಸೆರೆಮನೆಗಳಾಗುವುವು. ಹೀಗೆ ಗರ್ಭಸಂಧಿಯಲ್ಲಿ ಕಥೆ ಪುಷ್ಟವಾಯಿತು. ತಾಲೀಮೆಂಬುದು ನೆಪ; ಕೇಂದ್ರ ಸರ್ಕಾರವು ಟೆಕ್ಸಸನ್ನು ಸೈನಿಕಶಾಸನಕ್ಕೆ ಒಳಪಡಿಸುವುದು; ಪ್ರಜೆಗಳ ಬಂದೂಕುಗಳನ್ನು ಕಸಿದುಕೊಳ್ಳುವುದು; ಎದುರು ನಿಂತವರನ್ನು ಶಿಬಿರಗಳಿಗೆ ಸಾಗಿಸುವುದು. ಆಸ್ಟಿನ್ ನಗರದಿಂದ ಮಾತನಾಡುತ್ತಿದ್ದ ಅಲೆಕ್ಸ್ ಜೋನ್ಸ್ ಎಂಬ ರೇಡಿಯೋ ಪ್ರಸಾರಕನು ಇಂಥ ಶಂಕೆಗಳನ್ನು ಹರಡಿದವರಲ್ಲಿ ಮುಖ್ಯನಾದನು.

ಈ ಪ್ರಬಂಧದ ಅಂಗಿರಸ ಭಯಾನಕವೆಂದು ಮೇಲುನೋಟಕ್ಕೆ ತೋರುವುದು. ಆಳವಾಗಿ ನೋಡಿದರೆ ಅದರ ಬೆನ್ನಿಗೆ ವೀರರಸವೂ ಅಂಟಿಕೊಂಡಿದೆ. ಸಾಮಾನ್ಯ ನಾಟಕದಲ್ಲಿ ಪ್ರೇಕ್ಷಕನು ಪ್ರೇಕ್ಷಕನಾಗಿಯೇ ಉಳಿಯುತ್ತಾನೆ. ಇಲ್ಲಿಯಾದರೋ ಕೇಳಿದವನೇ ನಾಯಕನಾಗುತ್ತಾನೆ. ಲೋಕವೆಲ್ಲ ಮಲಗಿರುವಾಗ ತಾನೊಬ್ಬನೇ ಎಚ್ಚತ್ತಿರುವೆನೆಂಬ ಹೆಮ್ಮೆ, ಮನೆಮಠಗಳನ್ನು ಕಾಯಲು ತಾನು ನಿಂತಿರುವೆನೆಂಬ ಉತ್ಸಾಹ, ಇವು ದಿನವೂ ಗೇದು ಬೇಸತ್ತ ಬಾಳಿಗೆ ಒಂದು ಘನತೆಯನ್ನು ತರುವುವು. ‘ಕೌಂಟರ್ ಜೇಡ್ ಹೆಲ್ಮ್’ ಎಂಬ ಹೆಸರಿನಿಂದ ನಾಗರಿಕರ ಗುಂಪೊಂದು ಕೂಡಿ, ಸೈನ್ಯದ ಚಲನವಲನಗಳನ್ನು ಕಾಯಲು ಹೊರಟಿತು. ಭಯವೊಂದೇ ಇದ್ದಿದ್ದರೆ ಜನರು ಮನೆಯೊಳಗೆ ಅಡಗುತ್ತಿದ್ದರು. ಭಯದೊಡನೆ ಉತ್ಸಾಹ ಕೂಡಿದುದರಿಂದಲೇ ರಸ್ತೆಗೆ ಬಂದರು. ಇಂಥ ಕಥೆಗಳನ್ನು ಅಂಕಿಅಂಶಗಳಿಂದಷ್ಟೇ ಖಂಡಿಸಹೊರಟವರು ಸೋಲುವುದು ಈ ಕಾರಣದಿಂದ. ಖಂಡಿಸುವವನು ಒಂದು ಸುಳ್ಳನ್ನು ಕಸಿದುಕೊಳ್ಳುತ್ತಿರುವೆನೆಂದು ಭಾವಿಸುತ್ತಾನೆ. ಕೇಳುವವನಿಗೆ ತನ್ನ ನಾಯಕಪದವಿಯನ್ನೇ ಕಸಿದುಕೊಂಡಂತಾಗುತ್ತದೆ.

ಬೀಜಕ್ಕೆ ತಕ್ಕ ನೆಲವೂ ಬೇಕು. ಟೆಕ್ಸಸಿನ ನೆಲದಲ್ಲಿ ಇಂಥ ಸಂಶಯಕ್ಕೆ ಗೊಬ್ಬರ ಹಳೆಯದು. ಆ ನಾಡು 1836ರಿಂದ 1845ರ ವರೆಗೆ ಸ್ವತಂತ್ರ ಗಣರಾಜ್ಯವಾಗಿತ್ತು. 1861ರಲ್ಲಿ ಒಕ್ಕೂಟದಿಂದ ಸಿಡಿದು, ಯುದ್ಧದಲ್ಲಿ ಸೋತು, ಕೇಂದ್ರದ ಸೈನ್ಯಾಧಿಕಾರಿಗಳ ಆಳಿಕೆಯನ್ನು ಕೆಲಕಾಲ ಅನುಭವಿಸಿತು. ದೇಶದೊಳಗಿನ ಕಾನೂನು ಪಾಲನೆಗೆ ಸೈನ್ಯವನ್ನು ಬಳಸುವುದಕ್ಕೆ ಕಡಿವಾಣ ಹಾಕಿದ 1878ರ ಶಾಸನವು ಆ ಕಾಲದ ಕಹಿಯಿಂದಲೇ ಹುಟ್ಟಿತು. ಎರಡನೆಯ ಮಹಾಯುದ್ಧದಲ್ಲಿ, 1942ರ ರಾಷ್ಟ್ರಾಧ್ಯಕ್ಷರ ಆಜ್ಞೆಯ ಮೇಲೆ, ಜಪಾನೀ ಮೂಲದ ಸುಮಾರು 1,20,000 ಜನರನ್ನು ಮನೆ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಿದರು. ಅವರಲ್ಲಿ ಬಹುಪಾಲು ಆ ದೇಶದ ಪ್ರಜೆಗಳೇ. ಅದೇ ಕಾಲದಲ್ಲಿ ಟೆಕ್ಸಸಿನ ಕ್ರಿಸ್ಟಲ್ ಸಿಟಿಯಲ್ಲಿಯೇ ಕುಟುಂಬಗಳನ್ನು ಇಟ್ಟ ಶಿಬಿರವೊಂದಿತ್ತು. 1962ರಲ್ಲಿ, ಕ್ಯೂಬಾದ ಮೇಲೆ ದಂಡೆತ್ತಿಹೋಗಲು ನೆಪ ಬೇಕೆಂದು, ಸ್ವದೇಶದಲ್ಲಿಯೇ ಕೃತಕ ದುಷ್ಕೃತ್ಯಗಳನ್ನು ನಡೆಸಿ ಅಪವಾದವನ್ನು ಆ ದೇಶದ ಮೇಲೆ ಹೊರಿಸುವ ‘ನಾರ್ತ್‌ವುಡ್ಸ್’ ಎಂಬ ಸಲಹೆಯನ್ನು ಸೇನಾ ಮುಖ್ಯಸ್ಥರು ಲಿಖಿತವಾಗಿ ಮುಂದಿಟ್ಟರು. ಅದು ತಿರಸ್ಕೃತವಾಯಿತು, ಆದರೆ ಕಾಗದಗಳು ಉಳಿದು, 1990ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದುವು. 1993ರಲ್ಲಿ ಟೆಕ್ಸಸಿನ ವೇಕೋ ಊರಿನ ಬಳಿ, ಒಂದು ಮತಪಂಥದವರ ನಿವಾಸವನ್ನು ಕೇಂದ್ರ ಸರ್ಕಾರದವರು 51 ದಿನ ಮುತ್ತಿ, ಕೊನೆಗೆ ಅದು ಬೆಂಕಿಗೆ ಆಹುತಿಯಾಗಿ, ಮಕ್ಕಳೂ ಸೇರಿ 70ಕ್ಕೂ ಹೆಚ್ಚು ಜನ ಮಡಿದರು. ಇಷ್ಟನ್ನು ಕಂಡ ಜನರಿಗೆ ‘ಸರ್ಕಾರವು ಎಂದಿಗೂ ಇಂಥದನ್ನು ಮಾಡದು’ ಎಂದು ಹೇಳಿದರೆ ಆ ಮಾತು ನಿಲ್ಲುವುದಿಲ್ಲ. ಹಾವು ಕಚ್ಚಿದವನಿಗೆ ಹಗ್ಗ ಹಾವಾಗಿ ಕಾಣುವುದು ಸಹಜ. ಸಹಜವೆಂದ ಮಾತ್ರಕ್ಕೆ ಹಗ್ಗವು ಹಾವಾಗದೆಂಬುದೂ ಅಷ್ಟೇ ನಿಜ.

ಇನ್ನು ಕಥೆಯ ಯುಕ್ತಿಯನ್ನು ಪರಿಶೀಲಿಸತಕ್ಕದ್ದು. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ಸರಿಯಾದ ಅನುಮಾನ. ಬೆಂಕಿಯಿಲ್ಲದೆ ಹೊಗೆ ಎಲ್ಲಿಯೂ ಕಾಣದೆಂಬ ವ್ಯಾಪ್ತಿ ಅಲ್ಲಿ ಸಿದ್ಧವಾಗಿದೆ. ‘ಭೂಪಟದಲ್ಲಿ ಶತ್ರುವೆಂದು ಬರೆದಿದೆ, ಆದಕಾರಣ ಆಕ್ರಮಣವಾಗುವುದು’ ಎಂಬಲ್ಲಿ ಆ ವ್ಯಾಪ್ತಿಯೆಲ್ಲಿ? ಆಕ್ರಮಣವಿಲ್ಲದೆಯೇ ನೆಲವನ್ನು ಹಗೆಯದೆಂದು ಗುರುತಿಸುವ ತಾಲೀಮುಗಳು ಆ ದೇಶದಲ್ಲಿ ಬಹುಕಾಲದಿಂದ ನಡೆದುಬಂದಿವೆ. ಉತ್ತರ ಕ್ಯಾರೊಲೈನಾ ರಾಜ್ಯದಲ್ಲಿ ‘ರಾಬಿನ್ ಸೇಜ್’ ಎಂಬ ತಾಲೀಮು 1974ರಿಂದ ಹಳ್ಳಿಗಾಡಿನ ನಡುವೆಯೇ ಜರುಗುತ್ತಿದೆ. ಅದಕ್ಕಾಗಿ ಕಲ್ಪಿತ ದೇಶವೊಂದನ್ನೇ ಸೃಷ್ಟಿಸಿಕೊಂಡಿರುವರು. ಊರಿನವರಲ್ಲಿ ಅನೇಕರು ತಾವೂ ಪಾತ್ರ ವಹಿಸುವರು. ಆದುದರಿಂದ ಈ ಹೇತು ಸವ್ಯಭಿಚಾರ. ಮೇಲಾಗಿ, ರಾಜ್ಯವೊಂದನ್ನು ಸೆರೆಹಿಡಿಯುವ ಸಂಚು ಹೂಡಿದವರು ಸಂಚಿನ ಭೂಪಟವನ್ನು ಆ ರಾಜ್ಯದ ಊರ ಅಧಿಕಾರಿಗಳಿಗೇ ಹಂಚಿ ಒಪ್ಪಿಗೆ ಕೇಳಿದರೆಂಬುದು ಅಸಂಗತ. ವಿಸ್ತೀರ್ಣದಲ್ಲಿ ಎಷ್ಟೋ ರಾಷ್ಟ್ರಗಳನ್ನು ಮೀರಿಸುವ, ಮನೆಮನೆಯಲ್ಲಿ ಬಂದೂಕುಳ್ಳ ನಾಡನ್ನು 1,200 ಜನ ಕಟ್ಟಿಹಾಕುವರೆಂಬುದೂ ಸಂಭಾವ್ಯವಲ್ಲ. ಇವೆಲ್ಲಕ್ಕಿಂತ ದೊಡ್ಡ ದೋಷ ಬೇರೊಂದು. ಸಾಕ್ಷ್ಯ ದೊರೆತರೆ ಅದು ಸಂಚಿನ ಗುರುತು; ದೊರೆಯದಿದ್ದರೆ ಸಂಚನ್ನು ಮುಚ್ಚಿಟ್ಟಿರುವ ಗುರುತು. ಯಾವ ಸಂಗತಿಯಿಂದಲೂ ಸುಳ್ಳಾಗಲಾರದ ಪ್ರತಿಜ್ಞೆಯು ವಾದಕ್ಕೇ ತಕ್ಕುದಲ್ಲ.

ಕಾವ್ಯದಲ್ಲಾದರೋ ಇಂಥ ಕಲ್ಪನೆಗೆ ತಕ್ಕ ಸ್ಥಾನವುಂಟು. ವಿಶಾಖದತ್ತನ ಮುದ್ರಾರಾಕ್ಷಸವು ಆದ್ಯಂತವಾಗಿ ಸಂಚಿನ ನಾಟಕ. ಕೆಂಪುನಾರಾಯಣನು ಅದರ ಕಥೆಯನ್ನು ಆಧರಿಸಿ 1823ರಲ್ಲಿ ‘ಮುದ್ರಾಮಂಜೂಷ’ವನ್ನು ರಚಿಸಿದುದರಿಂದ ಕನ್ನಡಿಗರಿಗೂ ಅದು ಮನೆಯ ಮಾತಾಗಿದೆ. ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಗೆ ಸಿಕ್ಕುವುದು. ಒಂದು ಕಪಟಲೇಖ ಸಿದ್ಧವಾಗುವುದು. ಆ ಲೇಖದಿಂದ ಮಲಯಕೇತುವಿಗೂ ರಾಕ್ಷಸನಿಗೂ ಭೇದವುಂಟಾಗುವುದು. ಅಲ್ಲಿ ಯಾವ ವಸ್ತುವೂ ಆಕಸ್ಮಿಕವಲ್ಲ. ಉಂಗುರಕ್ಕೂ ಅರ್ಥವುಂಟು, ಒಡವೆಗೂ ಅರ್ಥವುಂಟು. ಏಕೆಂದರೆ ಅಲ್ಲಿ ಪ್ರತಿಯೊಂದು ಚಿಹ್ನೆಯನ್ನೂ ಇಟ್ಟವನೊಬ್ಬ ಕವಿಯಿದ್ದಾನೆ. ಲೋಕವು ಹಾಗಲ್ಲ. ಲೋಕದಲ್ಲಿ ಕೊಳವೆ ಕೊಳವೆಯಾಗಿಯೇ ಒಡೆಯುವುದುಂಟು; ಬಣ್ಣವು ಬಣ್ಣವಾಗಿಯೇ ಇರುವುದುಂಟು; ಎರಡು ಘಟನೆಗಳು ಒಂದೇ ತಿಂಗಳಲ್ಲಿ ಸುಮ್ಮನೆ ನಡೆಯುವುದೂ ಉಂಟು. ಕಿಂವದಂತಿಯು ಕಾವ್ಯದ ನಿಯಮದಿಂದ ಲೋಕವನ್ನು ಓದುತ್ತದೆ, ಆದರೆ ಕಾವ್ಯಕ್ಕೆ ಸಲ್ಲುವ ನಂಬಿಕೆಯಿಂದ ತೃಪ್ತಿಪಡದೆ ಆಪ್ತವಾಕ್ಯಕ್ಕೆ ಸಲ್ಲುವ ನಂಬಿಕೆಯನ್ನು ಬೇಡುತ್ತದೆ. ಜೇಡ್ ಹೆಲ್ಮ್ ಕಥೆಯ ಮೂಲದೋಷವೂ ಇದೇ. ಇಂಥ ಎಲ್ಲ ಕಥೆಗಳ ಮೂಲದೋಷವೂ ಇದೇ.

ಈಗ ನಾಲ್ಕನೆಯ ಸಂಧಿಯ ಮಾತು. ನಿಂತು ಯೋಚಿಸುವ ಈ ಸಂಧಿಗೆ ಅವಕಾಶವೇ ಇರಲಿಲ್ಲವೆಂದು ಹೇಳುವಂತಿಲ್ಲ. 2015ನೆಯ ಏಪ್ರಿಲ್ 27ರಂದು, ಆಸ್ಟಿನ್‌ಗೆ ಸುಮಾರು 30 ಮೈಲು ದೂರದ ಬ್ಯಾಸ್ಟ್ರಾಪ್ ಎಂಬ ಊರಿನಲ್ಲಿ ಸಭೆ ಸೇರಿತು. ಸೇನೆಯ ಪರವಾಗಿ ಲೆಫ್ಟಿನೆಂಟ್ ಕರ್ನಲ್ ಮಾರ್ಕ್ ಲಾಸ್ಟೋರಿಯಾ ಎಂಬವರು ಬಂದು, ಕಿಕ್ಕಿರಿದ ಜನರ ಮುಂದೆ ಬಹಳ ಹೊತ್ತು ನಿಂತು ಉತ್ತರ ಹೇಳಿದರು. ಬಂದೂಕು ಕಸಿಯುವಿರಾ, ಸೈನಿಕಶಾಸನ ತರುವಿರಾ, ಪರದೇಶದ ಹೋರಾಟಗಾರರನ್ನು ಕರೆತರುವಿರಾ ಎಂಬ ಪ್ರಶ್ನೆಗಳಿಗೆಲ್ಲ ಇಲ್ಲವೆಂದರು. ಅನೇಕರು ಅವರ ಮಾತನ್ನು ನಂಬಲಿಲ್ಲ. ಆದರೂ ಜನರು ಕೇಳಿದರು, ಅಧಿಕಾರಿ ಎದುರಿಗೆ ನಿಂತು ಹೇಳಿದರು. ಈ ವೃತ್ತಾಂತದಲ್ಲಿ ನಾಗರಿಕತೆಗೆ ತಕ್ಕ ದೃಶ್ಯವೆಂದರೆ ಅದೊಂದೇ. ಅಲ್ಲಿಂದ ಮುಂದಕ್ಕೆ ನಡೆಯಬೇಕಾದುದು ಆಳುವವರ ಕೆಲಸವಾಗಿತ್ತು.

ಜಾತಕಕಥೆಗಳಲ್ಲಿ ಮೊಲವೊಂದರ ಕಥೆಯುಂಟು. ತಾಳೆಯ ಗಿಡದಡಿ ಮಲಗಿದ್ದ ಮೊಲವು, ಬಿಲ್ವದ ಹಣ್ಣೊಂದು ಗರಿಯ ಮೇಲೆ ಬಿದ್ದ ಸದ್ದನ್ನು ಕೇಳಿ, ಭೂಮಿಯೇ ಬಿರಿಯಿತೆಂದು ಓಡಿತು. ಅದರ ಹಿಂದೆ ಮೊಲಗಳು, ಮೊಲಗಳ ಹಿಂದೆ ಜಿಂಕೆ ಹಂದಿಗಳು, ಅವುಗಳ ಹಿಂದೆ ಹುಲಿ ಆನೆಗಳು ಓಡಿದುವು. ಸಿಂಹವು ಆ ಹಿಂಡನ್ನು ತಡೆಯಿತು. ಕಂಡವರಾರೆಂದು ಒಂದೊಂದನ್ನೂ ಕೇಳುತ್ತ ಕೊನೆಗೆ ಮೊದಲ ಮೊಲವನ್ನು ಹಿಡಿಯಿತು. ಅದನ್ನು ಗೇಲಿಮಾಡದೆ, ಬೆನ್ನ ಮೇಲೆ ಕೂರಿಸಿಕೊಂಡು ಆ ಮರದ ಬುಡಕ್ಕೇ ಹೋಗಿ, ಬಿದ್ದ ಹಣ್ಣನ್ನು ಕಂಡು, ಹಿಂತಿರುಗಿ ಬಂದು ಎಲ್ಲರಿಗೂ ಕಂಡುದನ್ನು ಸಾರಿತು. ಅರಸನ ಧರ್ಮವನ್ನು ಇದಕ್ಕಿಂತ ಅಡಕವಾಗಿ ಹೇಳುವುದು ಕಷ್ಟ. ಅದರಲ್ಲಿ ಮೂರು ಅಂಗಗಳಿವೆ: ತಡೆಯುವುದು, ಹೋಗಿ ನೋಡುವುದು, ನೋಡಿದುದನ್ನು ಅನುಮಾನಕ್ಕೆಡೆಯಿಲ್ಲದಂತೆ ಹೇಳುವುದು.

ಬ್ಯಾಸ್ಟ್ರಾಪ್ ಸಭೆಯ ಮರುದಿನವೇ, ಏಪ್ರಿಲ್ 28ರಂದು, ಟೆಕ್ಸಸಿನ ಗವರ್ನರ್ ಗ್ರೆಗ್ ಅಬಟ್ ಅವರು ತಮ್ಮ ರಾಜ್ಯದ ಕಾವಲುಪಡೆಗೆ ಪತ್ರ ಬರೆದು, ತಾಲೀಮಿನ ಮೇಲೆ ಕಣ್ಣಿಟ್ಟಿರಬೇಕೆಂದೂ, ಕಾಲಕಾಲಕ್ಕೆ ವರದಿ ಕೊಡಬೇಕೆಂದೂ ಆಜ್ಞಾಪಿಸಿದರು. ಟೆಕ್ಸಸಿನ ಜನರ ಸುರಕ್ಷತೆ, ಆಸ್ತಿ, ಸ್ವಾತಂತ್ರ್ಯಗಳಿಗೆ ಭಂಗ ಬರದೆಂಬುದು ಅವರಿಗೆ ತಿಳಿದಿರಬೇಕಾದುದು ಮುಖ್ಯವೆಂದು ಪತ್ರದಲ್ಲಿ ಬರೆದರು. ನ್ಯಾಯವಾಗಿ ಹೇಳುವುದಾದರೆ, ಆಕ್ರಮಣವಾಗುವುದೆಂದು ಅವರು ಎಲ್ಲಿಯೂ ಹೇಳಲಿಲ್ಲ. ಮಾಹಿತಿಯನ್ನು ಒದಗಿಸುವುದಷ್ಟೇ ಉದ್ದೇಶವೆಂದು ಬಳಿಕ ಸಮರ್ಥಿಸಿಕೊಂಡರು. ಸಿಂಹದ ಮೂರು ಅಂಗಗಳಲ್ಲಿ ಎರಡನೆಯದನ್ನು ಅವರು ಮಾಡಿಸಿದರೆಂದೇ ಎಣಿಸಬಹುದು. ಆದರೆ ಮೊದಲನೆಯದೂ ಮೂರನೆಯದೂ ಬಿಟ್ಟುಹೋದುವು. ‘ಈ ಶಂಕೆಗೆ ಆಧಾರವಿಲ್ಲ’ ಎಂದು ಆ ಪತ್ರದಲ್ಲಿ ಒಂದು ವಾಕ್ಯವಿದ್ದಿದ್ದರೆ ಅದು ಅಭಯಪತ್ರವಾಗುತ್ತಿತ್ತು. ಅದಿಲ್ಲದುದರಿಂದ ಶಂಕೆಗೆ ರಾಜಮುದ್ರೆಯೊತ್ತಿದಂತಾಯಿತು. ಧ್ವನಿಯ ಬಲವೇ ಅಂಥದು: ವಾಚ್ಯವು ‘ಕಾಯುತ್ತೇವೆ’ ಎಂದಿತು, ವ್ಯಂಗ್ಯವು ‘ಕಾಯಬೇಕಾದುದೊಂದು ಇದೆ’ ಎಂದಿತು. ಸೆನೆಟ್ ಸಭೆಯ ಟೆಡ್ ಕ್ರೂಸ್ ಅವರೂ ಸೇನೆಯ ಉತ್ತರವನ್ನು ಶಂಕಿಸಲು ತಮಗೆ ಕಾರಣವಿಲ್ಲವೆಂದು ಹೇಳಿ, ಜನರ ಅವಿಶ್ವಾಸ ತಮಗೆ ಅರ್ಥವಾಗುವುದೆಂದು ಅದಕ್ಕೆ ಜೋಡಿಸಿದರು. ಗವರ್ನರರ ಪಕ್ಷದವರೇ ಆದ, ರಾಜ್ಯದ ಶಾಸನಸಭೆಯಲ್ಲಿ ಹಿಂದೆ ಸದಸ್ಯರಾಗಿದ್ದ ಟಾಡ್ ಸ್ಮಿತ್ ಎಂಬವರು ಗವರ್ನರರಿಗೆ ಬಹಿರಂಗವಾಗಿ ಪತ್ರ ಬರೆದು ಆ ನಡೆಯನ್ನು ಕಟುವಾಗಿ ಖಂಡಿಸಿದರು. ಸ್ವಪಕ್ಷದ ತಪ್ಪನ್ನು ತೋರಿಸುವ ಧೈರ್ಯವಿದ್ದಲ್ಲಿ ವಿಮರ್ಶೆ ಇನ್ನೂ ಸತ್ತಿಲ್ಲವೆಂದು ತಿಳಿಯಬೇಕು. ಆದರೆ ಒಬ್ಬರ ಸ್ವರವು ಮೇಳದ ನಡುವೆ ಕೇಳಿಸಲಿಲ್ಲ.

ಸೇನೆಯವರೂ ನಿರ್ದೋಷಿಗಳಲ್ಲ. ಪತ್ರಿಕೆಯವರು ಬಂದು ತಾಲೀಮನ್ನು ನೋಡಲು ಅನುಮತಿ ಬೇಡಿದಾಗ ಅವರು ಕೊಡಲಿಲ್ಲ. ಗುಟ್ಟಿನ ವಿದ್ಯೆಯನ್ನು ಬಯಲಿನಲ್ಲಿ ಕಲಿಸುವುದು ಕಷ್ಟವೆಂಬುದು ನಿಜ. ಆದರೆ ಪ್ರಜೆಗಳ ಹೊಲಗದ್ದೆಗಳ ನಡುವೆ ಕಲಿಸಬೇಕಾದರೆ ಪ್ರಜೆಗಳ ವಿಶ್ವಾಸವೂ ಆಯುಧಗಳಂತೆಯೇ ಅವಶ್ಯವಾದ ಸಲಕರಣೆ. ತಿಳಿವಳಿಕೆ ಸಾಲದಿದ್ದರೆ ಏನಾಗುವುದೆಂಬುದಕ್ಕೆ ಹಿಂದಿನ ನಿದರ್ಶನವೂ ಇತ್ತು. 2002ರಲ್ಲಿ, ಮೇಲೆ ಹೇಳಿದ ರಾಬಿನ್ ಸೇಜ್ ತಾಲೀಮಿನ ಕಾಲದಲ್ಲಿ, ಸಾಮಾನ್ಯ ಉಡುಪಿನಲ್ಲಿದ್ದ ಸೈನಿಕರ ವಾಹನವನ್ನು ಊರಿನ ಪೋಲೀಸು ಅಧಿಕಾರಿಯೊಬ್ಬನು ತಡೆದನು. ಅವನೂ ಆಟದ ಪಾತ್ರಧಾರಿಯೆಂದು ಸೈನಿಕರು ಎಣಿಸಿದರು. ಇವರು ನಿಜವಾದ ದುಷ್ಕರ್ಮಿಗಳೆಂದು ಅವನು ಎಣಿಸಿದನು. ಗುಂಡು ಹಾರಿತು, ಒಬ್ಬ ಸೈನಿಕನು ಸತ್ತನು, ಇನ್ನೊಬ್ಬನು ಗಾಯಗೊಂಡನು. ಅಲ್ಲಿ ಸಂಚೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ವೇಷವಾವುದು ನಿಜವಾವುದು ಎಂಬುದನ್ನು ಹೇಳಬೇಕಾದವರು ಹೇಳಬೇಕಾದವನಿಗೆ ಹೇಳಿರಲಿಲ್ಲ. ಅಷ್ಟಕ್ಕೇ ಒಂದು ಜೀವ ಹೋಯಿತು.

ಜೇಡ್ ಹೆಲ್ಮ್ ಕಥೆಯೂ ನಗೆಯಲ್ಲಿಯೇ ಮುಗಿಯಲಿಲ್ಲ. 2015ನೆಯ ಮೇ ತಿಂಗಳಲ್ಲಿ ಪಬ್ಲಿಕ್ ಪಾಲಿಸಿ ಪೋಲಿಂಗ್ ಎಂಬ ಸಂಸ್ಥೆಯು ರಿಪಬ್ಲಿಕನ್ ಪಕ್ಷದ ಮತದಾರರನ್ನು ವಿಚಾರಿಸಿದಾಗ, ಸರ್ಕಾರವು ಟೆಕ್ಸಸನ್ನು ವಶಪಡಿಸಿಕೊಳ್ಳಲು ಯತ್ನಿಸುತ್ತಿದೆಯೆಂದು ನೂರಕ್ಕೆ 32 ಮಂದಿ ಹೇಳಿದರು, ಇಲ್ಲವೆಂದವರು 40, ನಿಶ್ಚಯವಿಲ್ಲವೆಂದವರು 28. ಆಗಸ್ಟಿನಲ್ಲಿ ಉತ್ತರ ಕ್ಯಾರೊಲೈನಾದ ಮೂವರ ಮೇಲೆ ಕೇಂದ್ರ ಸರ್ಕಾರದವರು ಆರೋಪ ಹೊರಿಸಿದರು: ತಾಲೀಮಿನ ನೆಪದಲ್ಲಿ ಸೈನಿಕಶಾಸನ ಬರುವುದೆಂದು ನಂಬಿ, ಮದ್ದುಗುಂಡುಗಳನ್ನೂ ಸ್ಫೋಟಕಗಳ ಸಾಮಗ್ರಿಯನ್ನೂ ಕೂಡಿಡುತ್ತಿದ್ದರೆಂದು. ಕಾಣದ ಇನ್ನೊಂದು ನಷ್ಟವೂ ಉಂಟು. ವಾಲ್‌ಮಾರ್ಟ್ ಮುಚ್ಚಿದ ಐದು ಮಳಿಗೆಗಳಲ್ಲಿ ಸುಮಾರು 2,200 ಮಂದಿ ಕೆಲಸದವರಿದ್ದರು. ಅವುಗಳಲ್ಲೊಂದಾದ ಕ್ಯಾಲಿಫೋರ್ನಿಯಾದ ಪೀಕೊ ರಿವೇರಾ ಮಳಿಗೆಯಲ್ಲಿ ಕೂಲಿಯ ವಿಷಯವಾಗಿ ಹಿಂದೆ ಮುಷ್ಕರಗಳು ನಡೆದಿದ್ದುವು. ಆ ಸೇಡಿಗಾಗಿಯೇ ಮುಚ್ಚಿದರೆಂದು ಕಾರ್ಮಿಕಸಂಘದವರು ರಾಷ್ಟ್ರೀಯ ಕಾರ್ಮಿಕಸಂಬಂಧ ಮಂಡಲಿಗೆ ದೂರು ಕೊಟ್ಟರು; ಸಂಸ್ಥೆಯವರು ಅಲ್ಲಗಳೆದರು. ಆ ದೂರು ನಿಜವೋ ಸುಳ್ಳೋ, ಅದು ಪರೀಕ್ಷೆಗೆ ಒಳಪಡಬಲ್ಲ ಶಂಕೆ. ದಿನಾಂಕ, ಕಾಗದ, ಸಾಕ್ಷಿಗಳಿಂದ ನಿರ್ಣಯಿಸಬಹುದಾದ ಶಂಕೆ. ಸುರಂಗದ ಕಥೆಯ ಅಬ್ಬರದಲ್ಲಿ ಕೆಲಸ ಕಳೆದುಕೊಂಡವರ ಈ ಪ್ರಶ್ನೆ ಎಷ್ಟೋ ಜನರ ಕಿವಿಗೇ ಬೀಳಲಿಲ್ಲ. ಅದ್ಭುತವಾದ ಸುಳ್ಳು ಸಂಶಯವು ಸತ್ಯವನ್ನು ಮಾತ್ರ ಕೊಲ್ಲುವುದಿಲ್ಲ. ಸಾಧಾರಣವೂ ನ್ಯಾಯವೂ ಆದ ಸಂಶಯವನ್ನೂ ಕೊಲ್ಲುತ್ತದೆ.

ಸೆಪ್ಟೆಂಬರ್ 15 ಬಂದಿತು, ತಾಲೀಮು ಮುಗಿಯಿತು. ಯಾರ ಬಂದೂಕೂ ಹೋಗಲಿಲ್ಲ. ಯಾವ ಶಿಬಿರವೂ ತುಂಬಲಿಲ್ಲ. ಆ ವರ್ಷ ಮುಗಿಯುವುದರೊಳಗೆ ಮಳಿಗೆಗಳು ಮತ್ತೆ ತೆರೆದು ಎಂದಿನಂತೆ ವ್ಯಾಪಾರ ನಡೆಯಿತು. ನಾಟಕವಾಗಿದ್ದರೆ ಇಲ್ಲಿ ನಿರ್ವಹಣಸಂಧಿಯಾಗಿ, ಪಾತ್ರಗಳು ತಮ್ಮ ಭ್ರಾಂತಿಯನ್ನು ತಿಳಿದು, ಭರತವಾಕ್ಯವನ್ನು ಹೇಳಿ ತೆರಳಬೇಕು. ಇಲ್ಲಿ ಹಾಗಾಗಲಿಲ್ಲ. ವಿಮರ್ಶವಿಲ್ಲದ ಕಥೆಗೆ ನಿರ್ವಹಣವೂ ಇರುವುದಿಲ್ಲ. ಜನರು ಎಚ್ಚತ್ತಿದ್ದುದರಿಂದಲೇ ಸಂಚು ನಿಂತಿತೆಂದು ಹೇಳಿಕೊಂಡರೆ ಸಾಕು, ಹೆಮ್ಮೆಯೂ ಉಳಿಯುವುದು, ಕಥೆಯೂ ಉಳಿಯುವುದು. ಹಾಗೆ ಉಳಿದ ಕಥೆ ಹೆಸರು ಬದಲಾಯಿಸಿಕೊಂಡು ಇನ್ನೊಂದು ರಂಗವನ್ನು ಹುಡುಕುತ್ತದೆ.

2018ರಲ್ಲಿ, ಅಮೆರಿಕಾದ ಗೂಢಚಾರ ಇಲಾಖೆಗಳ ಮುಖ್ಯಸ್ಥರಾಗಿ ನಿವೃತ್ತರಾದ ಮೈಕೇಲ್ ಹೇಡನ್ ಅವರು ಮತ್ತೊಂದು ಮಾತನ್ನು ಹೇಳಿದರು. ಟೆಕ್ಸಸಿನ ಆ ಭೀತಿಯನ್ನು ಅಂತರಜಾಲದಲ್ಲಿ ಉಬ್ಬಿಸಿದವರು ರಷ್ಯದವರು. ಗವರ್ನರರು ಕಾವಲುಪಡೆಗೆ ಆಜ್ಞೆ ಕೊಟ್ಟುದನ್ನು ಕಂಡು, ತಮ್ಮ ಉಪಾಯ ಫಲಿಸಿತೆಂದು ಅವರು ಮುಂದಿನ ದೊಡ್ಡ ಕೆಲಸಕ್ಕೆ ಧೈರ್ಯಗೊಂಡರು ಎಂದು. ಮೊದಲ ಕಥೆಯನ್ನು ನಕ್ಕವರಲ್ಲಿ ಅನೇಕರು ಈ ಮಾತನ್ನು ಕೇಳಿದೊಡನೆ ತಲೆದೂಗಿದರು. ಹೇಡನ್ ಅವರು ಬಲ್ಲವರು. ಅವರ ಮಾತಿಗೆ ತೂಕವುಂಟು. ಪರರಾಷ್ಟ್ರದವರು ಇಂಥ ಬೆಂಕಿಗೆ ಗಾಳಿ ಹಾಕುವುದು ಅಸಂಭವವೂ ಅಲ್ಲ. ಆದರೂ ವಿಮರ್ಶೆಯ ತಕ್ಕಡಿ ಎರಡು ಕಡೆಗೂ ಒಂದೇ ಆಗಿರಬೇಕು. ಭೂಪಟವನ್ನು ಬರೆದವರು ರಷ್ಯದವರಲ್ಲ. ಬ್ಯಾಸ್ಟ್ರಾಪಿನ ಸಭೆಯಲ್ಲಿ ಪ್ರಶ್ನೆ ಕೇಳಿದವರು ರಷ್ಯದವರಲ್ಲ. ಆಜ್ಞೆಗೆ ಸಹಿ ಹಾಕಿದವರೂ ಅಲ್ಲ. ಎಲ್ಲವನ್ನೂ ಹೊರಗಿನ ಕಾಣದ ಕೈಗೆ ಒಪ್ಪಿಸಿಬಿಟ್ಟರೆ, ಒಳಗಿನ ಅವಿಶ್ವಾಸಕ್ಕೆ ಕಾರಣರಾದವರೆಲ್ಲರೂ ಪಾರಾದಂತೆಯೇ. ಅದೂ ಹಿತವಾದ ಕಥೆಯೇ. ಹಿತವಾದುದರಿಂದಲೇ ಎಚ್ಚರಿಕೆಯಿಂದ ಓದತಕ್ಕ ಕಥೆ.

ನಾಟ್ಯಶಾಸ್ತ್ರಕಾರರು ಫಲಕ್ಕೆ ಮುಂಚಿನ ಸಂಧಿಗೆ ವಿಮರ್ಶವೆಂದು ಹೆಸರಿಟ್ಟುದು ಅರ್ಥವತ್ತಾಗಿದೆ. ನಿಂತು ಯೋಚಿಸುವ ಆ ಗಳಿಗೆಯನ್ನು ದಾಟದೆ ನಾಯಕನು ಫಲವನ್ನು ಮುಟ್ಟಲಾರನು, ಪ್ರಜಾಸಮೂಹವೂ ಮುಟ್ಟಲಾರದು. ಸಂಶಯವು ಪ್ರಜೆಯ ಹಕ್ಕು, ಅದು ದೋಷವಲ್ಲ. ಸಂಶಯವನ್ನು ಮರದ ಬುಡದವರೆಗೆ ಕೊಂಡೊಯ್ಯುವುದು ಪ್ರಜೆಯ ಹೊಣೆ. ಕೊಂಡೊಯ್ಯುವವನಿಗೆ ದಾರಿ ಬಿಡುವುದು, ಅಲ್ಲಿ ಬಿದ್ದುದು ಹಣ್ಣಾಗಿದ್ದರೆ ಹಣ್ಣೆಂದು ಎಲ್ಲರಿಗೂ ಕೇಳುವಂತೆ ಹೇಳುವುದು ಆಳುವವನ ಹೊಣೆ. ಟೆಕ್ಸಸಿನಲ್ಲಿ ಎರಡು ಹೊಣೆಗಳೂ ಅರ್ಧಕ್ಕೆ ನಿಂತುವು. ಅದನ್ನು ದೂರದೇಶದವರ ಮೌಢ್ಯವೆಂದು ನಕ್ಕು ಬಿಡುವ ವಾಚಕನು, ತನ್ನ ಜಗಲಿಯ ಮೇಲೆ ನಿನ್ನೆ ಸಂಜೆ ಕೇಳಿದ ಸುದ್ದಿಯನ್ನು ಇಂದು ಬೆಳಗ್ಗೆ ಇನ್ನೊಬ್ಬರಿಗೆ ಹೇಳುವ ಮೊದಲು, ಆ ಸುದ್ದಿಯ ಮೊದಲ ಮೊಲ ಯಾವುದೆಂದು ಕೇಳಿಕೊಂಡಿದ್ದನೆ ಎಂಬುದನ್ನು ಒಮ್ಮೆ ನೆನೆದು ನೋಡುವುದು ಮೇಲು.